ಪಾನವ್ಯಸನವೂ ಅವರವರಿಗೆ ಹೊಂದುವ ಚಿಕಿತ್ಸೆಯೂ

ಮನೆಯಲ್ಲೊಬ್ಬನು ಕುಡಿತಕ್ಕೆ ಬಿದ್ದರೆ ಅದರ ಸಂಕಟವು ಅವನೊಬ್ಬನದಾಗಿ ಉಳಿಯುವುದಿಲ್ಲವೆಂಬುದನ್ನು ಗೃಹಸ್ಥರಿಗೆ ಹೇಳಬೇಕಾದುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯಲ್ಲಿ ಅಂಥ ಮನೆಗೆ ಬಂದ ನೆಂಟರಿಷ್ಟರು ಒಬ್ಬೊಬ್ಬರೂ ಒಂದೊಂದು ಉಪಾಯವನ್ನು ಹೇಳಿ ಹೋಗುವರು. ದೇವರ ಮುಂದೆ ಆಣೆ ಮಾಡಿಸೆಂದು ಒಬ್ಬರು, ಶಿಬಿರಕ್ಕೆ ಕಳುಹಿಸೆಂದು ಇನ್ನೊಬ್ಬರು, ಕೋಣೆಯಲ್ಲಿ ಕೂಡಿಹಾಕೆಂದು ಮತ್ತೊಬ್ಬರು. ತಾವು ಕಂಡ ಒಬ್ಬನಿಗೆ ಗುಣವಾದುದು ಎಲ್ಲರಿಗೂ ಗುಣವಾಗಬೇಕೆಂಬುದು ಅವರ ಎಣಿಕೆ. ಆ ಎಣಿಕೆ ಎಷ್ಟುಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸೋಣ.

ಕಾನೂನೊಂದರಿಂದಲೇ ಈ ಪಿಡುಗು ತೊಲಗುವುದಾಗಿದ್ದರೆ ನಮ್ಮಲ್ಲಿ ಎಂದೋ ತೊಲಗಬೇಕಾಗಿತ್ತು. ಈ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1948ರ ವೇಳೆಗೆ ಪ್ರಾಂತದಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದಿತ್ತು. 1953ರಲ್ಲಿ ನಾವು ಮೈಸೂರಿಗೆ ಸೇರಿದೆವು. ಮುಂದೆ ಆ ನಿರೋಧವೂ ಸಡಿಲಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಆದರೆ ಉಳಿದ ಮದ್ಯದ ಅಂಗಡಿಗಳು ಉಳಿದವು. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ಅಭ್ಯಾಸಕ್ಕೆ ಒಗ್ಗಿದ ದೇಹಕ್ಕೂ ಮನಸ್ಸಿಗೂ ಬೇರೆ ಚಿಕಿತ್ಸೆಯೇ ಬೇಕು.

ನಮ್ಮ ಪೂರ್ವಿಕರು ಇದನ್ನು ರೋಗವೆಂದೇ ಭಾವಿಸಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ಮದಾತ್ಯಯ’ವೆಂಬ ಹೆಸರಿನಿಂದ ಒಂದು ಅಧ್ಯಾಯವೇ ಉಂಟು. ಅದೇ ಗ್ರಂಥದ ಸೂತ್ರಸ್ಥಾನವು, ವೈದ್ಯನಾದವನು ಒಬ್ಬೊಬ್ಬ ಪುರುಷನನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಔಷಧವನ್ನು ಯೋಜಿಸಬೇಕೆಂದು ವಿಧಿಸುತ್ತದೆ. ಬಹುಕಾಲ ರೂಢಿಯಾದ ಅಹಿತವನ್ನು ಒಮ್ಮೆಗೇ ಕಿತ್ತೊಗೆಯದೆ ಕ್ರಮವಾಗಿ ಬಿಡಿಸಬೇಕೆಂದೂ ಹೇಳುತ್ತದೆ.

ಈ ಎರಡನೆಯ ಮಾತಿನ ತಥ್ಯವನ್ನು ಇಂದಿನ ವೈದ್ಯಶಾಸ್ತ್ರವೂ ಬೇರೊಂದು ರೀತಿಯಿಂದ ಕಂಡುಕೊಂಡಿದೆ. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲಿ ಕೈನಡುಕ, ಬೆವರು, ನಿದ್ರಾನಾಶಗಳು ತೋರಬಹುದು. ಕೆಲವರಿಗೆ ಫಿಟ್ಸ್ ಬರುವುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಮತಿಭ್ರಮೆಯುಂಟಾಗಿ, ಇಲ್ಲದುದನ್ನು ಕಂಡಂತೆ ಕೂಗಾಡಿ, ಪ್ರಾಣಕ್ಕೇ ಅಪಾಯ ಬರುವುದೂ ಉಂಟು. ಇದನ್ನು ಗಾಳಿಸೋಂಕೆಂದು ತಿಳಿದು ಮಂತ್ರವಾದಿಗಾಗಿ ಕಾಯುತ್ತ ಕೂತರೆ ರೋಗಿಯು ಕೈತಪ್ಪಿಹೋಗಬಹುದು. ಆದುದರಿಂದ ಅಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು ಸರ್ವಥಾ ಸಲ್ಲದು. ಮನೆಯವರೇ ಅಳೆದು ಅಳೆದು ಮದ್ಯ ಕೊಡುವುದೂ ಯುಕ್ತವಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ ತಕ್ಕ ಔಷಧವನ್ನೂ ಥಯಾಮಿನ್ ಎಂಬ ಜೀವಸತ್ತ್ವವನ್ನೂ ಕೊಟ್ಟರೆ ಈ ಘಟ್ಟವನ್ನು ಸುಖವಾಗಿ ದಾಟಬಹುದು.

ದಾಟಿದ ಮೇಲೆ ಯಾವ ದಾರಿ? ಇದನ್ನು ತಿಳಿಯಲು ಅಮೆರಿಕದಲ್ಲಿ 1726 ಮಂದಿ ರೋಗಿಗಳನ್ನಿಟ್ಟುಕೊಂಡು ಒಂದು ದೊಡ್ಡ ಪರೀಕ್ಷೆ ನಡೆದು, 1997ರಲ್ಲಿ ಫಲಿತಾಂಶಗಳು ಪ್ರಕಟವಾದುವು. ಮೂರು ಕ್ರಮಗಳನ್ನು ಹೋಲಿಸಿದರು: ಮೊದಲನೆಯದು, ಬಿಟ್ಟವರ ಸಂಘಕ್ಕೆ ಸೇರಿಸುವುದು, ಎರಡನೆಯದು, ಕುಡಿತದ ಆಸೆ ಹುಟ್ಟುವ ಸಂದರ್ಭಗಳನ್ನು ಗುರುತಿಸಿ ಎದುರಿಸಲು ಕಲಿಸುವುದು, ಮೂರನೆಯದು, ನಾಲ್ಕೇ ಸಲ ಕೂರಿಸಿಕೊಂಡು ಬಿಡುವ ಇಚ್ಛೆಯನ್ನು ಅವನಲ್ಲಿಯೇ ಬಲಪಡಿಸುವುದು. ಒಟ್ಟಿನಲ್ಲಿ ಮೂರರಿಂದಲೂ ಹೆಚ್ಚುಕಡಮೆ ಸಮನಾದ ಪ್ರಯೋಜನವೇ ಕಂಡಿತು. ಆದರೂ ಸುತ್ತಲೂ ಕುಡಿಯುವ ಗೆಳೆಯರೇ ಇದ್ದವರಿಗೆ ಸಂಘದ ಕ್ರಮವೂ, ಸಿಟ್ಟು ಹೆಚ್ಚಾಗಿದ್ದವರಿಗೆ ಒತ್ತಾಯವಿಲ್ಲದ ಮೂರನೆಯ ಕ್ರಮವೂ ಮಿಗಿಲಾಗಿ ಒದಗಿದುವು. ಇದರಿಂದ ತಿಳಿಯತಕ್ಕದ್ದೇನು? ಇದೇ ಮದ್ದು, ಬೇರಿಲ್ಲ ಎಂದು ಹಟ ಹಿಡಿಯಬಾರದು. ಅವನು ಮನಸಾರೆ ಒಪ್ಪಿ, ಬಿಡದೆ ನಡೆಯಬಲ್ಲ ದಾರಿಯೇ ಅವನಿಗೆ ದಾರಿ.

ಉದಾಹರಣೆಗಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಕೊಟ್ಟೂರಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಯೊಬ್ಬನು ಸಂಜೆ ಕೂಲಿ ಬಂದೊಡನೆ ಜೊತೆಗಾರರೊಡನೆ ಅಂಗಡಿಗೆ ಹೋಗುವನು. ಅವನಿಗೆ ಬೇಕಾದುದು ಹೊಸ ಜೊತೆ. ಹರಪನಹಳ್ಳಿಯ ನೌಕರನೊಬ್ಬನು ಹೆಂಡತಿ ತೀರಿಹೋದ ಮೇಲೆ ರಾತ್ರಿ ಒಬ್ಬನೇ ಬಾಗಿಲಿಕ್ಕಿಕೊಂಡು ಕುಡಿಯುವನು. ಹತ್ತು ಜನರ ಮುಂದೆ ನಿಲ್ಲಲು ಅವನಿಗೆ ನಾಚಿಕೆ. ಅವನ ದುಃಖಕ್ಕೆ ಮೊದಲು ಮನೋವೈದ್ಯರ ನೆರವು ಬೇಕು. ಇಬ್ಬರದೂ ಕುಡಿತವೇ, ಬೇರುಗಳು ಬೇರೆ.

ಮೊದಲನೆಯವನಿಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಾಡಿನ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಒದಗಬಹುದು. ಶಿಬಿರ ಮುಗಿದವರು ಕೈಬಿಟ್ಟುಹೋಗದಂತೆ ‘ನವಜೀವನ ಸಮಿತಿ’ಗಳೂ ಉಂಟು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವೂ ಇದೇ ಬಗೆಯದು. ಎರಡನೆಯವನಂಥವರಿಗೆ ಹಿಂದೆ ವಿಮ್ಸ್ ಎನಿಸಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋವೈದ್ಯ ವಿಭಾಗವೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ. ದೂರ ಹೋಗಲಾರದವರು 14416 ಎಂಬ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯಕೇಂದ್ರಕ್ಕೆ ತರುವ ಪ್ರಯೋಗವನ್ನು ನಿಮ್ಹಾನ್ಸಿನವರು 1985ರಲ್ಲಿ ಆರಂಭಿಸಿದುದು ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಆರಂಭವಾಗಿ ದೇಶಕ್ಕೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಔಷಧಗಳ ವಿಷಯದಲ್ಲಿ ಒಂದು ಎಚ್ಚರಿಕೆ. ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಎಂಬುವು ಆಸೆಯನ್ನು ತಗ್ಗಿಸಲು ನೆರವಾಗುತ್ತವೆ. ಡೈಸಲ್ಫಿರಾಮ್ ಎಂಬುದನ್ನು ಸೇವಿಸಿದವನು ಕುಡಿದರೆ ವಾಂತಿ, ಎದೆಬಡಿತ, ಸಂಕಟಗಳುಂಟಾಗುವುವು. ಇದನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಬಡಿಸುವ ತಾಯಂದಿರೂ ಪತ್ನಿಯರೂ ಉಂಟು. ಅವರ ನೋವು ಅರ್ಥವಾಗತಕ್ಕದ್ದೇ. ಆದರೆ ಅರಿಯದೆ ಅದರ ಮೇಲೆ ಕುಡಿದವನ ಜೀವಕ್ಕೇ ಮುಪ್ಪಾಗಬಹುದು. ಎಂದಿಗೂ ಹಾಗೆ ಮಾಡಬಾರದು.

ಕಡೆಯದಾಗಿ ಒಂದು ಮಾತು. ಆರು ತಿಂಗಳು ಬಿಟ್ಟಿದ್ದವನು ಕೊಟ್ಟೂರಿನ ತೇರಿನ ದಿನವೋ ಮೈಲಾರದ ಜಾತ್ರೆಯಲ್ಲೋ ಮತ್ತೆ ಕುಡಿದು ಬಂದನೆಂದರೆ, ಅವನ ಹಣೆಬರಹವೇ ಇಷ್ಟೆಂದು ಮನೆಯವರು ಕೈಚೆಲ್ಲುವರು. ಇದು ಸರಿಯಲ್ಲ. ಮರುಕಳಿಸುವುದು ಈ ರೋಗದ ಸ್ವಭಾವ. ಯಾವ ದಿನ, ಯಾರೊಡನೆ, ಯಾವ ಮನಸ್ಸಿನಲ್ಲಿದ್ದಾಗ ಮರುಕಳಿಸಿತೆಂದು ಸಮಾಧಾನದಿಂದ ವಿಚಾರಿಸಿದರೆ, ಮುಂದಿನ ಚಿಕಿತ್ಸೆಗೆ ಬೇಕಾದ ತಿಳಿವು ಅಲ್ಲಿಯೇ ದೊರಕುವುದು. ಒಂದು ಮದ್ದು ಹಿಡಿಯದಿದ್ದರೆ ವೈದ್ಯನು ಇನ್ನೊಂದನ್ನು ಕೊಡುವನೇ ಹೊರತು ರೋಗಿಯನ್ನು ಬಯ್ದು ಕಳುಹಿಸುವುದಿಲ್ಲ. ಮನೆಯವರೂ ಅಷ್ಟು ತಾಳ್ಮೆಯನ್ನು ತಂದುಕೊಳ್ಳಬೇಕು.