ಗಣಕಯಂತ್ರದ ನಾಡಿಪರೀಕ್ಷೆ

ಜ್ವರ ಬಂದಾಗ ವೈದ್ಯರು ಮೊದಲು ಕಾರಣವನ್ನು ಹುಡುಕುತ್ತಾರೆ, ಔಷಧ ಆಮೇಲಿನದು. ಮನೆಯ ಗಣಕಯಂತ್ರದ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ತಾವೇ ಅಳವಡಿಸಲು ಹೊರಟು ಅರ್ಧದಾರಿಯಲ್ಲಿ ನಿಂತವರು ಧೃತಿಗೆಡಬೇಕಾಗಿಲ್ಲ.

ಪ್ರಥಮ ಕರ್ತವ್ಯ, ಕಡತಗಳ ರಕ್ಷಣೆ. ಹಳೆಯ ಲೆಡ್ಜರಿನ ಬಾಕಿಯನ್ನು ಬರೆದುಕೊಳ್ಳದೆ ಹೊಸ ಲೆಡ್ಜರನ್ನು ತೆರೆಯುವವರುಂಟೆ? ಮದುವೆಯ ಭಾವಚಿತ್ರಗಳು, ಠೇವಣಿಯ ದಾಖಲೆಗಳು, ಊರಿನ ಪತ್ರಗಳು ಇವೆಲ್ಲ ಬೇರೊಂದು ಡಿಸ್ಕಿನಲ್ಲಿ ಭದ್ರವಾಗಿರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಲೇಖನಗಳಿದ್ದರೆ ಆ ಫಾಂಟುಗಳನ್ನೂ ಉಳಿಸಿಕೊಳ್ಳಬೇಕು; ಇಲ್ಲವಾದರೆ ಹೊಸ ವ್ಯವಸ್ಥೆಯಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ.

ಎರಡನೆಯದು, ಯಂತ್ರದ ಯೋಗ್ಯತೆ. ಮೈಕ್ರೋಸಾಫ್ಟಿನ 'ಪಿಸಿ ಹೆಲ್ತ್ ಚೆಕ್' ಇದನ್ನು ತಿಳಿಸುತ್ತದೆ. 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ, ಅಂಗೀಕೃತ ಪಟ್ಟಿಯಲ್ಲಿರುವ ಪ್ರೊಸೆಸರ್, ಟಿಪಿಎಂ 2.0 ಎಂಬ ರಕ್ಷಣಾ ಸಾಧನ ಇವು ಮುಖ್ಯ ಬೇಡಿಕೆಗಳು. ಟಿಪಿಎಂ ಇಲ್ಲವೆಂಬ ಉತ್ತರ ಬಂದರೂ ನಿರಾಶರಾಗಬಾರದು. ಅನೇಕ ಯಂತ್ರಗಳಲ್ಲಿ ಅದು ಇದ್ದೂ ನಿಷ್ಕ್ರಿಯವಾಗಿರುತ್ತದೆ. ಬಯಾಸ್‌ನಲ್ಲಿ ಇಂಟೆಲ್‌ನವರದು ಪಿಟಿಟಿ, ಎಎಂಡಿಯವರದು ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಇದನ್ನು ಬದಲಿಸುವ ಮುನ್ನ ಬಿಟ್‌ಲಾಕರ್ ಬೀಗದ 48 ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ. ಆ ಬೀಗವು ಚಾಲನೆಯಲ್ಲಿದ್ದರೆ ಕೀಲಿಯಿಲ್ಲದೆ ಕಡತಗಳು ಕೈಗೆ ದಕ್ಕಲಾರವು.

ಮೂರನೆಯದು, ಪರದೆಯ ಮೇಲಿನ ದೋಷಸಂಖ್ಯೆ. ಅದೇ ರೋಗಲಕ್ಷಣ. 80070070 ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು. ಸಿ1900101 ಎಂದು ಆರಂಭವಾದರೆ ಸಾಮಾನ್ಯವಾಗಿ ಡ್ರೈವರಿನ ದೋಷ. ಪ್ರಿಂಟರ್ ಮೊದಲಾದ ಹೊರಸಾಧನಗಳನ್ನು ಕಳಚಿ ಮತ್ತೆ ಪ್ರಯತ್ನಿಸಬೇಕು. 'ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿ ಇದೆ' ಎಂಬ ಆಕ್ಷೇಪಣೆ ಬಂದಾಗ ಅವಸರದಿಂದ ಎಲ್ಲ ವಿಭಾಗಗಳನ್ನೂ ಅಳಿಸಿಬಿಡುವವರಿದ್ದಾರೆ. ವರ್ಷಗಳ ಸಂಗ್ರಹ ಕ್ಷಣದಲ್ಲಿ ಹೋಗುವುದು ಇಲ್ಲಿಯೇ. ವಿಂಡೋಸ್‌ನಲ್ಲಿಯೇ ಇರುವ 'ಎಂಬಿಆರ್2ಜಿಪಿಟಿ' ಎಂಬ ಸಾಧನವು ಕಡತಗಳನ್ನು ಅಳಿಸದೆ ಪಟ್ಟಿಯನ್ನು ಪರಿವರ್ತಿಸಬಲ್ಲುದು.

ಯಂತ್ರ ಏಳದಿದ್ದರೆ? ಕಡತಗಳು ನಾಶವಾದವೆಂದು ಇದರ ಅರ್ಥವಲ್ಲ. ಉಬುಂಟು ತುಂಬಿದ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಅಳವಡಿಸದೆಯೇ 'ಪರೀಕ್ಷಿಸಿ ನೋಡುವ' ಆಯ್ಕೆಯ ಮೂಲಕ ಬೀಗವಿಲ್ಲದ ಡಿಸ್ಕಿನ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಪ್ರೊಸೆಸರ್ ತೀರ ಹಳೆಯದಾದಲ್ಲಿ ಅದೇ ಉಬುಂಟುವನ್ನು ಉಚಿತವಾಗಿ ನೆಲೆಗೊಳಿಸಲೂಬಹುದು. ಅದರಲ್ಲಿ ಕನ್ನಡ ಬರೆಯಲು ಅಡ್ಡಿಯಿಲ್ಲ.

ಯಂತ್ರವನ್ನು ಮತ್ತೊಮ್ಮೆ ಕೊಳ್ಳಬಹುದು. ತೀರಿಕೊಂಡ ಹಿರಿಯರ ಭಾವಚಿತ್ರವನ್ನು ಕೊಳ್ಳಲಾಗದು. ಆದುದರಿಂದ ಮೊದಲು ನಕಲು, ಬಳಿಕ ಪರೀಕ್ಷೆ, ಕೊನೆಗೆ ಚಿಕಿತ್ಸೆ. ಈ ಕ್ರಮ ತಪ್ಪದಿರಲಿ.