ಕ್ಯಾಪ್ ಕೂರುವ ಅಂಚು

ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಹಾಕಬೇಕಾದರೆ ಮೊದಲು ಆ ಹಲ್ಲನ್ನು ಸುತ್ತಲೂ ತೇಯ್ದು ಸಣ್ಣದು ಮಾಡಬೇಕು. ಉಳಿದ ಮೋಟು ಹಲ್ಲಿನ ಮೇಲೆ ಕ್ಯಾಪ್ ಎಷ್ಟು ಒತ್ತಾಗಿ ಕೂರುತ್ತದೆ ಎನ್ನುವುದನ್ನು ಅದರ ಬಾಳಿಕೆ ಬಹುಮಟ್ಟಿಗೆ ನೆಚ್ಚಿಕೊಂಡಿದೆ. ಒಸಡಿನ ಬಳಿಯ ಅಂಚಿನಲ್ಲಿ ದೊಡ್ಡ ಸಂದು ಉಳಿದರೆ ಅಲ್ಲಿನ ಸಿಮೆಂಟ್ ಬಾಯಿಯ ತೇವಕ್ಕೆ ಸಿಕ್ಕಿ ಸವೆಯುತ್ತದೆ, ಬ್ಯಾಕ್ಟೀರಿಯಾ ಮನೆ ಮಾಡುತ್ತದೆ, ಒಳಗಿನ ಹಲ್ಲು ಹುಳುಕಾಗುತ್ತದೆ, ಒಸಡು ಊದಿಕೊಳ್ಳುತ್ತದೆ. ಸಂದು ಕಂಡಾಗ ಲ್ಯಾಬನ್ನೋ ಯಂತ್ರವನ್ನೋ ದೂರುವುದು ರೂಢಿ. ಆದರೆ ಪಿಂಗಾಣಿ ಕ್ಯಾಪಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ: ಸಂದಿನ ಅಳತೆ ಬಹುತೇಕ ಹಲ್ಲು ತೇಯುವ ಹೊತ್ತಿನಲ್ಲೇ ನಿಶ್ಚಯವಾಗಿರುತ್ತದೆ. ಹೊಸ ವಸ್ತು, ಹೊಸ ಯಂತ್ರ ಬಂದಾಗಲೆಲ್ಲ ಮೋಟು ಹಲ್ಲಿನ ಆಕಾರವೂ ಬದಲಾಗಬೇಕಾಯಿತು.

ಅಮೆರಿಕದ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಹೆನ್ರಿ ಲ್ಯಾಂಡ್ 1880ರ ದಶಕದಲ್ಲಿ ತೆಳುವಾದ ಪ್ಲಾಟಿನಂ ಹಾಳೆಯನ್ನು ಹಲ್ಲಿನ ಆಕಾರಕ್ಕೆ ಒತ್ತಿ, ಅದರ ಮೇಲೆ ಪಿಂಗಾಣಿಯ ಪುಡಿ ಹಚ್ಚಿ ಕುಲುಮೆಯಲ್ಲಿ ಸುಡುವ ವಿಧಾನ ಕಂಡುಕೊಂಡರು. ಇಡೀ ಹಲ್ಲನ್ನು ಕವಚದಂತೆ ಮುಚ್ಚುವ ‘ಜಾಕೆಟ್ ಕ್ರೌನ್’ ಹುಟ್ಟಿದ್ದು ಹೀಗೆ. ಸುಟ್ಟ ಮೇಲೆ ಪ್ಲಾಟಿನಂ ಹಾಳೆಯನ್ನು ಕಿತ್ತು ತೆಗೆದರೆ ಉಳಿಯುವ ಜಾಗವೇ ಸಿಮೆಂಟಿಗೆ ಎಡೆ. ಆದರೆ ಸುಡುವಾಗ ಪಿಂಗಾಣಿಯ ಗಾತ್ರ ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ. ಕುಗ್ಗುವಿಕೆಯನ್ನು ಸರಿದೂಗಿಸಲು ಮತ್ತೆ ಮತ್ತೆ ಪುಡಿ ತುಂಬಿ ಸುಡಬೇಕು. ಎಲ್ಲಕ್ಕಿಂತ ಮೊದಲು ಅಂಚು ಕೂರಲು ಗಟ್ಟಿ ನೆಲೆ ಬೇಕು.

ಚಿನ್ನದ ಕ್ಯಾಪಿಗೆ ಈ ತಾಪತ್ರಯವಿರಲಿಲ್ಲ. ಮೃದುವಾದ ಚಿನ್ನವನ್ನು ತೆಳುವಾದ ಅಂಚಿನವರೆಗೆ ಎಳೆದು, ಹಲ್ಲಿನ ಮೇಲೆ ಉಜ್ಜಿ ಒತ್ತಿ ಸಂದು ಮುಚ್ಚಬಹುದಿತ್ತು. ಪಿಂಗಾಣಿ ಬಾಗುವುದಿಲ್ಲ, ಒಡೆಯುತ್ತದೆ. ಅದನ್ನು ಅದುಮಿದರೆ ತಾಳಿಕೊಳ್ಳುತ್ತದೆ, ಎಳೆದರೆ ಸೀಳುತ್ತದೆ; ಮೇಲ್ಮೈಯ ಸೂಕ್ಷ್ಮ ಬಿರುಕೇ ಸೀಳಿಗೆ ಮೊದಲು. ಹಾಗಾಗಿ ಪಿಂಗಾಣಿಗೆ ಹಲ್ಲಿನ ಸುತ್ತ ಸುಮಾರು 1 ಮಿಲಿಮೀಟರ್ ಅಗಲದ ಸಮತಟ್ಟಾದ ಮೆಟ್ಟಿಲು ಕೊರೆಯುವುದು ಪದ್ಧತಿಯಾಯಿತು. ದಂತವೈದ್ಯರು ಇದನ್ನು ಶೋಲ್ಡರ್ ಎನ್ನುತ್ತಾರೆ. ಮೆಟ್ಟಿಲು ಏರುಪೇರಾಗಿದ್ದರೆ ಪಿಂಗಾಣಿಯ ಅಂಚು ಒಂದೆಡೆ ತಗುಲಿ ಇನ್ನೊಂದೆಡೆ ಎದ್ದಿರುತ್ತದೆ. ಮೆಟ್ಟಿಲು ಗೋಡೆಯನ್ನು ಸೇರುವ ಒಳಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಜಮೆಯಾಗುತ್ತದೆ. ಒಳಮೂಲೆ ದುಂಡಗಿರಲಿ ಎಂಬ ಇಂದಿನ ಕಟ್ಟುನಿಟ್ಟಿಗೆ ಇದೇ ಕಾರಣ.

ಗೋಡೆಯ ಓರೆಯೂ ಅಷ್ಟೇ ಮುಖ್ಯ. ಮೋಟು ಹಲ್ಲು ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗಬೇಕು, ಇಲ್ಲದಿದ್ದರೆ ಕ್ಯಾಪ್ ಇಳಿಯುವುದೇ ಇಲ್ಲ. ಎಷ್ಟು ಕಿರಿದು? ಡೆನ್ಮಾರ್ಕಿನ ಕೆ. ಡಿ. ಯೋರ್ಗೆನ್ಸನ್ 1955ರಲ್ಲಿ ಈ ಕೋನಕ್ಕೂ ಹಿಡಿತಕ್ಕೂ ಇರುವ ಸಂಬಂಧವನ್ನು ಅಳೆದು ತೋರಿಸಿದರು: ಕೋನ ಕೆಲವೇ ಡಿಗ್ರಿ ಹೆಚ್ಚಿದರೂ ಹಿಡಿತ ಥಟ್ಟನೆ ಕುಸಿಯುತ್ತದೆ. ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳು ಬಿಡಿಸಲಾಗದಂತೆ ಕಚ್ಚಿಕೊಳ್ಳುವುದು ಓರೆ ಕಡಿಮೆಯಿದ್ದಾಗಲೇ. ಹಾಗೆಂದು ಗೋಡೆಗಳನ್ನು ತೀರ ನೆಟ್ಟಗೆ ಮಾಡಿದರೆ ಬೇರೆ ಕೇಡು ಕಾದಿರುತ್ತದೆ. ಕ್ಯಾಪಿನೊಳಗೆ ತುಂಬಿದ ಸಿಮೆಂಟಿಗೆ ಹೊರಬರಲು ದಾರಿ ಸಿಗದೆ, ಒತ್ತಡ ಕ್ಯಾಪನ್ನೇ ಮೇಲಕ್ಕೆ ತಳ್ಳುತ್ತದೆ. ಸಿಮೆಂಟ್ ಇಲ್ಲದೆ ಕೂರಿಸಿ ನೋಡಿದಾಗ ಸರಿಯಾಗಿ ಕೂತಿದ್ದ ಕ್ಯಾಪ್ ಸಿಮೆಂಟ್ ಹಚ್ಚಿದ ಮೇಲೆ ಎತ್ತರವಾಗುವುದು ಹೀಗೆ. ಹಳೆಯ ಪಠ್ಯಗಳು 2ರಿಂದ 5 ಡಿಗ್ರಿ ಎನ್ನುತ್ತಿದ್ದವು. ಬಾಯೊಳಗೆ ಅದನ್ನು ಸಾಧಿಸುವುದು ಅಪರೂಪ. ಚಾರ್ಲ್ಸ್ ಗುಡೇಕರ್ ಮತ್ತು ಸಂಗಡಿಗರು 2001ರ ಸಮೀಕ್ಷೆಯಲ್ಲಿ ಎದುರುಬದುರು ಗೋಡೆಗಳ ಒಟ್ಟು ಕೋನ 10ರಿಂದ 20 ಡಿಗ್ರಿ ಇರಲಿ ಎಂದದ್ದು ಕೈಗೆಟುಕುವ, ಪ್ರಾಮಾಣಿಕ ಸಲಹೆ.

1957ರಲ್ಲಿ ಜಾನ್ ಬಾರ್ಡನ್ ಅವರ ಗಾಳಿಯ ಒತ್ತಡದಿಂದ ತಿರುಗುವ ಟರ್ಬೈನ್ ಡ್ರಿಲ್ ಬಂದ ಮೇಲೆ ಹಲ್ಲು ತೇಯುವುದು ಸುಲಭವಾಯಿತು. ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ವಜ್ರದ ಬರ್ (ತೇಯುವ ಮೊನೆ) ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲನ್ನು ನಿರಾಯಾಸವಾಗಿ ಕತ್ತರಿಸುತ್ತದೆ, ನಿಯಂತ್ರಣ ತಪ್ಪಿದರೆ ಅಷ್ಟೇ ನಿರಾಯಾಸವಾಗಿ ಹೆಚ್ಚು ಕತ್ತರಿಸುತ್ತದೆ. ಕಳೆದ ಎನಾಮೆಲ್ ಮತ್ತೆ ಬೆಳೆಯದು.

ಲಂಡನ್ನಿನ ಜಾನ್ ಮೆಕ್ಲೀನ್ ಈ ಕಥೆಯಲ್ಲಿ ಎರಡು ಸಲ ಬರುತ್ತಾರೆ. 1965ರಲ್ಲಿ ಟಿ. ಎಚ್. ಹ್ಯೂಸ್ ಜತೆ ಸೇರಿ ಪಿಂಗಾಣಿಗೆ ಅಲ್ಯೂಮಿನಾ ಹರಳು ಬೆರೆಸಿ ಅದರ ಬಲ ಹೆಚ್ಚಿಸಿದರು. 1971ರಲ್ಲಿ ಫಾನ್ ಫ್ರಾನ್‌ಹೋಫರ್ ಜತೆ ಇನ್ನೂ ಮುಖ್ಯವಾದ ಕೆಲಸ ಮಾಡಿದರು. ಐದು ವರ್ಷಗಳ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾಪು, ಭರ್ತಿಗಳನ್ನು ಗಮನಿಸಿ, ಅಂಚಿನ ಸಂದು 120 ಮೈಕ್ರಾನಿಗಿಂತ, ಅಂದರೆ 0.12 ಮಿಲಿಮೀಟರಿಗಿಂತ, ಹೆಚ್ಚಿರಬಾರದು ಎಂಬ ಮಿತಿ ಹಾಕಿದರು. ಆಗ ಚಾಲ್ತಿಯಲ್ಲಿದ್ದ ಮಾನದಂಡ ಸಿಮೆಂಟಿನ ಪದರ 25 ಮೈಕ್ರಾನ್ ಮೀರಬಾರದೆನ್ನುತ್ತಿತ್ತು. ಪ್ರಯೋಗಾಲಯದ ಆ ಆದರ್ಶಕ್ಕೂ ರೋಗಿಯ ಬಾಯಿಗೂ ಇರುವ ಅಂತರವನ್ನು ಈ ಅಧ್ಯಯನ ಮುಚ್ಚಿಡದೆ ತೋರಿಸಿತು. ಇಂದಿಗೂ ಅಂಚಿನ ಸಂದನ್ನು ಅಳೆಯುವ ಪ್ರಬಂಧಗಳು 120 ಎಂಬ ಅಂಕಿಯನ್ನೇ ಎದುರಿಟ್ಟುಕೊಳ್ಳುತ್ತವೆ.

ಅಂಟಿಸುವ ವಿದ್ಯೆ ಬೆಳೆದದ್ದು ಇನ್ನೊಂದು ತಿರುವು. ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಎನಾಮೆಲಿಗೆ ಆಮ್ಲ ಹಚ್ಚಿ ಒರಟು ಮಾಡಿದರೆ ರಾಳ ಗಟ್ಟಿಯಾಗಿ ಅಂಟುತ್ತದೆ ಎಂದು ತೋರಿಸಿದ್ದರು. 1980ರ ದಶಕದಲ್ಲಿ ಪಿಂಗಾಣಿಯ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಹಾಗೆಯೇ ಸಿದ್ಧಪಡಿಸಲು ಸಾಧ್ಯವಾಯಿತು. ಹಿಡಿತಕ್ಕಾಗಿ ಗೋಡೆಯನ್ನೇ ನಂಬಬೇಕಾದ ಅಗತ್ಯ ತಗ್ಗಿತು, ತೇಯುವುದೂ ತಗ್ಗಿತು. ಹಲ್ಲಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಈ ಚರಿತ್ರೆಯಲ್ಲಿ ಇಲ್ಲ. ಆದರೆ ಅಂಚು ಎನಾಮೆಲಿನಲ್ಲೇ ಉಳಿಯಬೇಕು; ಅದರ ಕೆಳಗಿನ ಡೆಂಟಿನ್‌ಗೆ ಇಳಿದರೆ ಬೆಸುಗೆ ಅಷ್ಟು ನೆಚ್ಚುವಂಥದ್ದಲ್ಲ.

ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮೋರ್ಮನ್ ಮತ್ತು ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ತಿನಿ ಅಭಿವೃದ್ಧಿಪಡಿಸಿದ ಸೆರೆಕ್ ಯಂತ್ರದಿಂದ 1985ರ ಸೆಪ್ಟೆಂಬರಿನಲ್ಲಿ ಮೊದಲ ಪಿಂಗಾಣಿ ಇನ್ಲೇ (ಕುಳಿಗೆ ಹೊಂದುವಂತೆ ಕಡೆದ ತುಂಡು) ರೋಗಿಯ ಹಲ್ಲಿಗೆ ಕೂತಿತು. ಕ್ಯಾಮೆರಾ ಚಿತ್ರ ತೆಗೆಯಿತು, ವಜ್ರ ಲೇಪಿತ ಚಕ್ರ ಪಿಂಗಾಣಿಯ ಗಟ್ಟಿಯನ್ನು ಕಡೆಯಿತು. ಚಕ್ರವೊಂದೇ ಇದ್ದುದರಿಂದ ಸರಳ ಆಕಾರಗಳಷ್ಟೇ ಸಾಧ್ಯ. ಕುಳಿಯ ತಳ ಮಟ್ಟಸವಾಗಿರಬೇಕಿತ್ತು. ಕ್ಯಾಮೆರಾ ಮೇಲಿನಿಂದಷ್ಟೇ ನೋಡುವುದರಿಂದ ಒಳಬಾಗಿದ ಗೋಡೆ ಅದಕ್ಕೆ ಕಾಣದು. ಅಂಚಿನ ಸಂದು ದೊಡ್ಡದಾಗಿತ್ತು, ಅದನ್ನು ತುಂಬಿದ್ದು ರಾಳದ ಸಿಮೆಂಟ್. 1994ರ ಸೆರೆಕ್ 2ರಲ್ಲಿ ಚಕ್ರದ ಜತೆಗೆ ಉರುಳೆಯಾಕಾರದ ಬರ್ ಬಂತು, ಪೂರ್ಣ ಕ್ಯಾಪ್ ಕಡೆಯಲು ಸಾಧ್ಯವಾಯಿತು.

ಮೋಟು ಹಲ್ಲಿನ ತುದಿ ಬರ್‌ಗಿಂತ ತೆಳುವಾಗಿರಬಾರದು ಎಂಬ ಹೊಸ ನಿಯಮ ಹುಟ್ಟಿದ್ದು ಆ ಬರ್‌ನಿಂದ. ಕ್ಯಾಪಿನ ಒಳಭಾಗ ಕಡೆಯುವ ಬರ್ ತನ್ನ ದಪ್ಪಕ್ಕಿಂತ ಕಿರಿದಾದ ತೋಡನ್ನು ಕೊರೆಯಲಾರದು. ಬಾಯಿಯ ಮುಂಭಾಗದ ಹಲ್ಲಿನ ಮೋಟು ತುದಿಯಲ್ಲಿ ಕತ್ತಿಯಂತೆ ತೆಳುವಾಗಿದ್ದರೆ, ಅದು ಹೊಗುವಷ್ಟು ಇಕ್ಕಟ್ಟಾದ ತೋಡು ಯಂತ್ರಕ್ಕೆ ಅಸಾಧ್ಯ. ಆಗ ಸಾಫ್ಟ್‌ವೇರ್ ಒಂದೋ ಒಳಗೆ ಹೆಚ್ಚು ಪಿಂಗಾಣಿ ಕೆರೆದು ಜಾಗ ಮಾಡುತ್ತದೆ, ಆಗ ಕ್ಯಾಪ್ ಕೂರುತ್ತದಾದರೂ ಒಳಗೆ ಸಿಮೆಂಟ್ ದಪ್ಪವಾಗಿ ಪಿಂಗಾಣಿ ತೆಳುವಾಗುತ್ತದೆ. ಇಲ್ಲವೇ ಹಾಗೆಯೇ ಬಿಟ್ಟರೆ ತುದಿ ತಾಗಿ ಇಡೀ ಕ್ಯಾಪ್ ಅಂಚಿನಿಂದ ಮೇಲೆದ್ದು ನಿಲ್ಲುತ್ತದೆ. ಮೆಟ್ಟಿಲಿನ ಹೊರಬದಿಯಲ್ಲಿ ಹಲ್ಲು ತೇಯುವ ಬರ್ ಆಳಕ್ಕಿಳಿದು ಉಳಿಸಿಹೋದ ಏಣು ಕೂಡ ಇಂಥದ್ದೇ ಅಡ್ಡಿ. ಕೈಯಲ್ಲಿ ಮೇಣ ಕೊರೆಯುತ್ತಿದ್ದ ಲ್ಯಾಬಿನ ಕುಶಲಿಗರು ಇವನ್ನೆಲ್ಲ ಹೇಗೋ ಸರಿದೂಗಿಸುತ್ತಿದ್ದರು. ಯಂತ್ರ ಸರಿದೂಗಿಸುವುದು ತನ್ನ ಲೆಕ್ಕದಲ್ಲಿ ಮಾತ್ರ.

ಝಿರ್ಕೋನಿಯಾ ಎಂಬ ಹೊಸ ಸೆರಾಮಿಕ್ ಬಂದ ಮೇಲೆ ಕುಗ್ಗುವಿಕೆಯ ಹಳೆಯ ಸಮಸ್ಯೆ ಲೆಕ್ಕಾಚಾರವಾಗಿ ಬದಲಾಯಿತು. ಮೆದುವಾಗಿರುವಾಗಲೇ ದೊಡ್ಡದಾಗಿ ಕಡೆದು ಕುಲುಮೆಗಿಟ್ಟರೆ ಉದ್ದಗಲಗಳಲ್ಲಿ ಶೇ 20ರಿಂದ 25ರಷ್ಟು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಬಲ ಹೆಚ್ಚಿರುವುದರಿಂದ ಇದಕ್ಕೆ ಅಗಲವಾದ ಮೆಟ್ಟಿಲು ಬೇಡ. ಸಣ್ಣ ದುಂಡಗಿನ ಇಳಿಜಾರು, ಅಂದರೆ ಚ್ಯಾಂಫರ್ ಸಾಕು. ಅಂಚೇ ಇಲ್ಲದಂತೆ ನೇರವಾಗಿ ಇಳಿಸುವ ವಿಧಾನವನ್ನೂ ಇಟಲಿಯ ಕೆಲವರು ಪ್ರಚಾರಕ್ಕೆ ತಂದಿದ್ದಾರೆ. ಹಲ್ಲು ಹೆಚ್ಚು ಉಳಿಯುವುದು ಇದರ ಗುಣ, ಅಂಚು ಎಲ್ಲಿ ಮುಗಿಯಿತೆಂದು ಲ್ಯಾಬ್ ಊಹಿಸಬೇಕಾದ್ದು ಇದರ ತೊಡಕು.

ಈಗ ಬಾಯೊಳಗಿನ ಸ್ಕ್ಯಾನರ್ ಹಲ್ಲಿನ ಅಚ್ಚು ತೆಗೆಯುವ ಪದ್ಧತಿಯ ಜಾಗವನ್ನು ಹಿಡಿಯುತ್ತಿದೆ. ಒಸಡಿನ ಕೆಳಗೆ ಹುದುಗಿದ ಅಂಚನ್ನು, ರಕ್ತ ಜಿನುಗುವ ಅಂಚನ್ನು ಅದು ಓದಲಾರದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಅಂಚನ್ನು ಒಸಡಿನ ಮಟ್ಟದಲ್ಲೋ ಮೇಲೋ ಇಡುತ್ತಾರೆ, ನುಣುಪಾದ ಬರ್‌ನಿಂದ ಉಜ್ಜಿ ರೇಖೆಯನ್ನು ಸ್ಪಷ್ಟ ಮಾಡುತ್ತಾರೆ. ಗೋಡೆ ಎಲ್ಲಿ ಒಳಬಾಗಿದೆ, ಪಿಂಗಾಣಿಗೆ ಎಲ್ಲಿ ದಪ್ಪ ಸಾಲದು ಎನ್ನುವುದನ್ನು ಸಾಫ್ಟ್‌ವೇರ್ ಬಣ್ಣ ಹಚ್ಚಿ ತೋರಿಸುತ್ತದೆ. ರೋಗಿ ಇನ್ನೂ ಕುರ್ಚಿಯಲ್ಲಿರುವಾಗಲೇ ಅಷ್ಟನ್ನು ತಿದ್ದಿ ಮತ್ತೆ ಸ್ಕ್ಯಾನ್ ಮಾಡಬಹುದು.