ಒಲ್ಲೆ ಅನ್ನುವ ಮಗುವೂ ಅಂಗನವಾಡಿಗೆ ಬರಲಿ

ಬೆಳಗಿನ ಹೊತ್ತು. ಅಡುಗೆ ಆಗಿದೆ. ತಾಯಿ ಕೂಲಿಗೆ ಹೊರಡಬೇಕು. ಅದಕ್ಕೆ ಮೊದಲು ಮಗುವನ್ನು ಅಂಗನವಾಡಿಗೆ ಬಿಡಬೇಕು. ಮಗು ಬರೋದಿಲ್ಲ. ಕಂಬ ಹಿಡಿದು ನಿಲ್ಲುತ್ತೆ. ನೆಲದ ಮೇಲೆ ಹೊರಳುತ್ತೆ. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಹೀಗೆ ಆಗುತ್ತೆ.

ಕೆಲವರ ಮನೆಯಲ್ಲಿ ಮಾತ್ರ ಇದು ದಿನದ ಪಾಡು. ಒಂದು ಮಗುವಿಗೆ ನಾಲ್ಕು ವರ್ಷವಾದರೂ ಮಾತು ಬಂದಿಲ್ಲ. ಇನ್ನೊಂದಕ್ಕೆ ಕಿವಿ ಕೇಳೋದಿಲ್ಲ. ಮತ್ತೊಂದಕ್ಕೆ ಕೈಕಾಲು ಬಿಗಿ. ಒಂದು ಮಗುವಿನ ಬುದ್ಧಿ ಬೆಳವಣಿಗೆ ನಿಧಾನ. ಇನ್ನೊಂದು ಕರೆದರೂ ತಿರುಗದೆ ತನ್ನ ಪಾಡಿಗೆ ತಾನಿರುತ್ತೆ. ಇದು ಆಟಿಸಂ ಇರಬಹುದು. ಇವರೆಲ್ಲ ವಿಶೇಷ ಅಗತ್ಯ ಇರುವ ಮಕ್ಕಳು.

"ಇದಕ್ಕೆ ಯಾಕೆ ಶಾಲೆ? ಮನೇಲೇ ಇರಲಿ ಬಿಡು" ಅಂತ ಜನ ಹೇಳುತ್ತಾರೆ. ಆದರೆ ಮನೆಯಲ್ಲಿ ನೋಡುವವರು ಯಾರು? ಮಗುವನ್ನು ಕೂಡಿಹಾಕಿ ಕೆಲಸಕ್ಕೆ ಹೋಗುವವರಿದ್ದಾರೆ. ಕಾಲಿಗೆ ಹಗ್ಗ ಕಟ್ಟಿ ಹೋಗುವವರೂ ಇದ್ದಾರೆ. ಇದರಿಂದ ಮಗುವಿನ ಜೀವಕ್ಕೇ ಅಪಾಯ. ಅಂಗನವಾಡಿಯಲ್ಲಿ ಊಟ ಇದೆ, ಆಟ ಇದೆ, ಜೊತೆಯ ಮಕ್ಕಳಿದ್ದಾರೆ. ಮೊದಲ ಆರು ವರ್ಷದಲ್ಲಿ ಮಿದುಳು ಬಲು ಬೇಗ ಬೆಳೆಯುತ್ತೆ. ಈ ಮಕ್ಕಳು ಕಲಿಯಬೇಕಾದ ಕಾಲವೂ ಇದೇ.

ಹಾಗಾದರೆ ಒಲ್ಲೆ ಅನ್ನುವ ಮಗುವನ್ನು ಕರೆದುಕೊಂಡು ಹೋಗುವುದು ಹೇಗೆ?

ಹಟವೂ ಒಂದು ಮಾತು

ಮಾತು ಬಾರದ ಮಗು ತನ್ನ ಕಷ್ಟ ಹೇಗೆ ಹೇಳಬೇಕು? ಅತ್ತು ಹೇಳುತ್ತೆ. ಒದ್ದು ಹೇಳುತ್ತೆ. ಓಡಿ ಹೋಗಿ ಹೇಳುತ್ತೆ. ಆ ಹಟದ ಒಳಗೆ ಒಂದು ಕಾರಣ ಇರುತ್ತೆ. ಅದನ್ನು ಹುಡುಕೋಣ.

ದಾರಿಯಲ್ಲಿ ನಾಯಿ ಇದೆಯಾ? ಚಪ್ಪಲಿ ಕಚ್ಚುತ್ತಾ? ಅಂಗನವಾಡಿಯಲ್ಲಿ ಕುಕ್ಕರಿನ ಸೀಟಿ ಕೂಗುತ್ತಾ? ಕೆಲವು ಮಕ್ಕಳಿಗೆ ಆ ಸದ್ದು ಸಹಿಸೋಕೆ ಆಗೋದಿಲ್ಲ. ಅಲ್ಲಿ ಕಕ್ಕಸಿಗೆ ಕರೆದುಕೊಂಡು ಹೋಗುವವರು ಇದ್ದಾರಾ? ಬೇರೆ ಮಕ್ಕಳು ರೇಗಿಸುತ್ತಾರಾ?

ನಗುತ್ತಾ ಹೋಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಒಲ್ಲೆ ಅಂದರೆ ಹುಷಾರಾಗಿರಿ. ಕಿವಿ ಸೋರುತ್ತಾ, ಹಲ್ಲು ನೋಯುತ್ತಾ, ಮೈಮೇಲೆ ಗಾಯ ಇದೆಯಾ ನೋಡಿ. ಯಾರಾದರೂ ಹೊಡೆದಿರಬಹುದು. ಮುಟ್ಟಬಾರದ ಕಡೆ ಮುಟ್ಟಿರಬಹುದು. ಅನುಮಾನ ಬಂದರೆ ಸುಮ್ಮನಿರಬೇಡಿ. 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ.

ಮನೆಯಲ್ಲಿ ಏನು ಮಾಡಬೇಕು?

ದಿನಾ ಒಂದೇ ಹೊತ್ತಿಗೆ ಎಬ್ಬಿಸಿ. ಒಂದೇ ದಾರಿಯಲ್ಲಿ ಹೋಗಿ. ಮೊದಲು ಸ್ನಾನ, ಆಮೇಲೆ ತಿಂಡಿ, ಆಮೇಲೆ ಅಂಗನವಾಡಿ. ಈ ಸಾಲು ತಪ್ಪಬಾರದು. ಮುಂದೆ ಏನು ಅಂತ ಗೊತ್ತಿದ್ದರೆ ಮಗುವಿನ ಭಯ ಇಳಿಯುತ್ತೆ.

ಮಾತು ತಿಳಿಯದ ಮಗುವಿಗೆ ವಸ್ತು ತೋರಿಸಿ. ಅಂಗನವಾಡಿಗೆ ಒಯ್ಯುವ ಚೀಲ ಕೈಗೆ ಕೊಡಿ. ಮೊಬೈಲಿನಲ್ಲಿ ಟೀಚರಮ್ಮನ ಫೋಟೋ ಇದ್ದರೆ ತೋರಿಸಿ. ಮಗುವಿಗೆ ಇಷ್ಟವಾದ ಆಟದ ಸಾಮಾನು ಜೊತೆಗಿರಲಿ.

"ಸಂತೆಗೆ ಹೋಗೋಣ ಬಾ" ಅಂತ ಸುಳ್ಳು ಹೇಳಬೇಡಿ. "ಗುಮ್ಮ ಬರ್ತಾನೆ, ಪೊಲೀಸು ಹಿಡೀತಾನೆ" ಅಂತ ಹೆದರಿಸಬೇಡಿ. ಮಗು ನಾಳೆ ನಿಮ್ಮನ್ನೇ ನಂಬೋದಿಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಅಂತ ಹಿರಿಯರು ಹೊಡೆಯಲು ಹೇಳಬಹುದು. ಬಗ್ಗಿಸೋದು ಬೇರೆ, ಮುರಿಯೋದು ಬೇರೆ. ಹೊಡೆದರೆ ಮಗುವಿಗೆ ಅಂಗನವಾಡಿ ಅಂದರೆ ಏಟು ಅಂತ ಮನಸ್ಸಿನಲ್ಲಿ ಉಳಿಯುತ್ತೆ.

ದಾರಿಯಲ್ಲಿ ಜೋಪಾನ

ಕೆಲವು ಮಕ್ಕಳು ಕೈ ಬಿಡಿಸಿಕೊಂಡು ಓಡುತ್ತಾರೆ. ನೀರು ಕಂಡರೆ ಕೆಲವರಿಗೆ ಬಲು ಆಸೆ. ಕೆರೆ, ಬಾವಿ, ಕಾಲುವೆ ಇರುವ ದಾರಿ ಬಿಡಿ. ಎರಡು ಹೆಜ್ಜೆ ಹೆಚ್ಚಾದರೂ ಬೇರೆ ದಾರಿ ಹಿಡಿಯಿರಿ.

ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಗಡೆ ನಡೆಯಿರಿ. ಎದುರು ಬರುವ ಗಾಡಿ ಕಾಣುತ್ತೆ. ಗಾಡಿ ಬರುವ ಕಡೆ ನೀವಿರಿ. ಅಂಚಿನ ಕಡೆ ಮಗು ಇರಲಿ.

ಮಗು ರಸ್ತೆಯಲ್ಲೇ ಕೂತುಬಿಟ್ಟರೆ ಕೈ ಹಿಡಿದು ಎಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳ ಮೊಣಕೈ ಕೀಲು ಇನ್ನೂ ಬಲಿತಿರೋದಿಲ್ಲ. ಜಗ್ಗಿದರೆ ಜಾರುತ್ತೆ. ಎದೆಗೆ ಅಪ್ಪಿ ಎತ್ತಿಕೊಂಡು ರಸ್ತೆ ಪಕ್ಕಕ್ಕೆ ಬನ್ನಿ. ಅದರ ಎದುರು ಕುಕ್ಕರಗಾಲಲ್ಲಿ ಕೂರಿ. ಬೈಯಬೇಡಿ. ಅಳು ಇಳಿಯುವ ತನಕ ಕಾಯಿರಿ. ಆಮೇಲೆ, "ನಡೀತೀಯಾ ಕಂದ, ಎತ್ಕೊಳ್ಳಲಾ?" ಅಂತ ಕೇಳಿ. ಎರಡರಲ್ಲಿ ಒಂದನ್ನು ಮಗುವೇ ಆರಿಸಲಿ.

ಕಾಲು ಬಿಗಿಯಿರುವ ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳಿ. ಕಾಲುಗಳು ನಿಮ್ಮ ಸೊಂಟದ ಎರಡೂ ಕಡೆ ಅಗಲವಾಗಿರಲಿ. ಬಿಗಿ ಸ್ವಲ್ಪ ಸಡಿಲವಾಗುತ್ತೆ.

ಬೈಕಿನಲ್ಲಿ ಕರೆದೊಯ್ಯುವವರು ಗಮನಿಸಿ. 2023ರ ಫೆಬ್ರವರಿಯಿಂದ ಒಂದು ನಿಯಮ ಬಂದಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರಿಗೆ ಸೇರಿಸಿ ಬೆಲ್ಟ್ ಕಟ್ಟಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗ ಮೀರಬಾರದು. ಆಟೋದಲ್ಲಾದರೆ ಮಗು ನಡುವೆ ಕೂರಲಿ. ಬಾಗಿಲ ಕಡೆ ಬೇಡ.

ಮಗುವಿಗೆ ಫಿಟ್ಸ್ ಬರುವುದಿದ್ದರೆ ಟೀಚರಮ್ಮನಿಗೆ ಮೊದಲೇ ಹೇಳಿ. ಫಿಟ್ಸ್ ಬಂದಾಗ ಮಗುವನ್ನು ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲೋದಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಮಗುವಿನ ಚೀಲದಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಮಗುವಿನ ಹೆಸರು, ನಿಮ್ಮ ಫೋನ್ ನಂಬರು ಬರೆಯಿರಿ. ನಾವು ಅಕ್ಷರ ಕಲಿತದ್ದು ಇಂಥ ಕೆಲಸಕ್ಕೂ ಬೇಕು.

ಬಿಟ್ಟು ಬರುವಾಗ

ಮೊದಲ ದಿನ ಅರ್ಧ ಗಂಟೆ ಸಾಕು. ನೀವು ಒಳಗೇ ಕೂರಿ. ಕೆಲವು ದಿನ ಕಳೆದ ಮೇಲೆ ಬಾಗಿಲ ಬಳಿ ಕೂರಿ. ಆಮೇಲೆ ಜಗಲಿಗೆ ಬನ್ನಿ. ಕೂಲಿ ಬಿಟ್ಟು ಕೂರಲು ಎಲ್ಲರಿಗೂ ಆಗೋದಿಲ್ಲ. ಆಗ ಅಜ್ಜಿಯೋ ಚಿಕ್ಕಮ್ಮನೋ ಕೂರಲಿ. ಅಪ್ಪನೂ ಕೂರಬಹುದು. ಮಗು ತಾಯಿಯೊಬ್ಬಳ ಹೊಣೆ ಅಲ್ಲ.

ಕಣ್ಣು ತಪ್ಪಿಸಿ ಓಡಿ ಬರಬೇಡಿ. "ಊಟ ಆದ ಮೇಲೆ ಬರ್ತೀನಿ" ಅಂತ ಹೇಳಿ. ಹೇಳಿದ ಹೊತ್ತಿಗೆ ಬನ್ನಿ. ಮಗುವನ್ನು ಟೀಚರಮ್ಮ ಅಥವಾ ಸಹಾಯಕಿಯ ಕೈಗೇ ಒಪ್ಪಿಸಿ. ಗೇಟಿನ ಹತ್ತಿರ ಬಿಟ್ಟು ಬರಬೇಡಿ.

ಯಾರ ಸಹಾಯ ಕೇಳಬೇಕು?

"ಇಂಥ ಮಗು ನಮ್ಮಲ್ಲಿ ಬೇಡ" ಅಂತ ಯಾರಾದರೂ ಅಂದರೆ ತಲೆ ತಗ್ಗಿಸಿ ಬರಬೇಡಿ. ಈ ಮಕ್ಕಳನ್ನು ಅಂಗನವಾಡಿಯಲ್ಲಿ ಜೊತೆಗೆ ಸೇರಿಸಿಕೊಂಡು ಕಲಿಸುವುದು ಹೇಗೆ ಅಂತ ಕೇಂದ್ರ ಸರ್ಕಾರವೇ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಂಗವಿಕಲರ ಹಕ್ಕುಗಳಿಗೆ 2016ರ ಕಾನೂನು ಇದೆ. ಮೇಲ್ವಿಚಾರಕಿಯನ್ನು ಕಾಣಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಬರೆಯಿರಿ.

ಮಕ್ಕಳನ್ನು ಪರೀಕ್ಷೆ ಮಾಡಲು ಡಾಕ್ಟರ ತಂಡ ಅಂಗನವಾಡಿಗೇ ಬರುತ್ತೆ. ವರ್ಷಕ್ಕೆ ಎರಡು ಸಲ ಬರಬೇಕು. ಆ ದಿನ ಮಗುವನ್ನು ತಪ್ಪದೆ ತೋರಿಸಿ. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅಂಗವಿಕಲರ ಗುರುತಿನ ಚೀಟಿ, ಮಾಸಾಶನದ ವಿಷಯ ಅವರನ್ನು ಕೇಳಿ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನಲ್ಲಿ ದೊಡ್ಡ ಸಂಸ್ಥೆ ಇದೆ. ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಿಂದ ನಡೆಯುತ್ತಿದೆ.

ಒಂದೇ ವಾರದಲ್ಲಿ ಎಲ್ಲ ಸರಿಹೋಗೋದಿಲ್ಲ. ಇವತ್ತು ಬಾಗಿಲ ತನಕ ಬಂದ ಮಗು ನಾಳೆ ಹೊಸಿಲು ದಾಟಬಹುದು. ನಾಡಿದ್ದು ಮತ್ತೆ ಹಿಂದೆ ಸರಿಯಬಹುದು. ಬೇಸರ ಬೇಡ. ಮಗುವಿನ ಹೆಜ್ಜೆಗೆ ನಮ್ಮ ಹೆಜ್ಜೆ ಸೇರಿಸೋಣ.

ಎಲ್ಲರೂ ಸೇರಿ ಮಾತಾಡೋಣ

1. ಅಂಗನವಾಡಿಗೆ ಬಾರದ ಮಕ್ಕಳು ನಮ್ಮ ಊರಿನಲ್ಲಿ ಎಷ್ಟಿದ್ದಾರೆ? ಯಾಕೆ ಬರುತ್ತಿಲ್ಲ?
2. ಅಂಗನವಾಡಿಯ ದಾರಿಯಲ್ಲಿ ತೆರೆದ ಬಾವಿ, ಗುಂಡಿ ಇದೆಯೇ? ಅದನ್ನು ಮುಚ್ಚಿಸಲು ಯಾರಿಗೆ ಹೇಳಬೇಕು?
3. ತಾಯಿ ಕೂಲಿಗೆ ಹೋದ ದಿನ ಆ ಮಗುವಿನ ಜೊತೆ ಕೂರಲು ನಮ್ಮಲ್ಲಿ ಯಾರು ಹೋಗಬಹುದು?